ಹಿರಿಯರ ಸಾವಿನ ಪ್ರಮಾಣ: ಎರಡು ಕಾಲಗಳನ್ನು ನಾನು ಹೋಲಿಸಿದ ಬಗೆ

"ಈಗೀಗ ವಯಸ್ಸಾದವರು ಬೇಗ ಬೇಗ ಹೋಗುತ್ತಿದ್ದಾರೆ, ಡಾಕ್ಟರೇ." 2021ರ ನಂತರ ನಾನು ಈ ಮಾತನ್ನು ಕೇಳದ ಊರಿಲ್ಲ. ಶಿವಮೊಗ್ಗ ಜಿಲ್ಲೆಯ ಪಶ್ಚಿಮದಂಚಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ವೈದ್ಯನಾಗಿರುವ ನನಗೆ ಇದಕ್ಕೆ ಆಧಾರವಿಲ್ಲದೆ ಹೌದೆನ್ನಲೂ ಅಲ್ಲವೆನ್ನಲೂ ಮನಸ್ಸು ಬರಲಿಲ್ಲ. ಅರವತ್ತು ದಾಟಿದವರ ಸಾವನ್ನು ಎರಡು ಕಾಲಗಳ ನಡುವೆ ಹೋಲಿಸಿ ನೋಡಲು ಹೊರಟೆ. 2015ರಿಂದ 2019ರವರೆಗಿನ ಐದು ವರ್ಷ ಒಂದು ಕಡೆ, 2022ರಿಂದ 2024ರವರೆಗಿನ ಮೂರು ವರ್ಷ ಇನ್ನೊಂದು ಕಡೆ. 2020 ಮತ್ತು 2021ನ್ನು ಯಾವುದಕ್ಕೂ ಸೇರಿಸದೆ ಬೇರೆಯೇ ಇಟ್ಟೆ. ಕೊರೊನಾದ ಎರಡನೇ ಅಲೆಯ ಏಪ್ರಿಲ್, ಮೇ, ಜೂನ್ ತಿಂಗಳುಗಳು ಯಾವ ಬದಿಗೆ ಸೇರಿದರೂ ಆ ಬದಿಯ ಲೆಕ್ಕ ಕೆಡುತ್ತದೆ.

ಸಾವಿನ ಕಾರಣದ ಗೋಜಿಗೂ ಹೋಗಲಿಲ್ಲ. ಮನೆಯಲ್ಲಿ ತೀರಿಕೊಂಡವರ ಬಗ್ಗೆ "ವಯೋಸಹಜ", "ಎದೆನೋವು" ಎಂದು ಬರೆದಿರುವುದರಿಂದ ಏನೂ ತಿಳಿಯುವುದಿಲ್ಲ. ಎಲ್ಲ ಕಾರಣಗಳ ಸಾವುಗಳನ್ನೂ ಒಟ್ಟಾಗಿ ಎಣಿಸುವುದೇ ಪ್ರಾಮಾಣಿಕ.

ಮೊದಲು ಸಿಕ್ಕಿದ್ದು ಗ್ರಾಮ ಲೆಕ್ಕಾಧಿಕಾರಿಗಳ ಮರಣ ನೋಂದಣಿ ಪುಸ್ತಕ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗಬೇಕು, ಅದೂ 21 ದಿನಗಳೊಳಗೆ. ಹೋಲಿಕೆ ಮಾಡುವವನು ಈ ನಿಯಮವನ್ನು ಮರೆಯಲೇಬಾರದು. ನಮ್ಮ ಊರಿನ ಅಜ್ಜ ಮನೆಯಲ್ಲಿ ತೀರಿಕೊಂಡರೆ ನಮ್ಮ ಪುಸ್ತಕಕ್ಕೆ ಬರುತ್ತಾರೆ. ಘಟ್ಟ ಇಳಿದು ಮಣಿಪಾಲಕ್ಕೆ ಹೋಗಿ ಅಲ್ಲಿ ತೀರಿಕೊಂಡರೆ ಅಲ್ಲಿಯ ಪುಸ್ತಕಕ್ಕೆ, ಬೆಂಗಳೂರಿನ ಮಗನ ಮನೆಯಲ್ಲಾದರೆ ಬೆಂಗಳೂರಿನದಕ್ಕೆ. ಕೊನೆಗಾಲದಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವ ರೂಢಿ ನಮ್ಮ ಕಡೆ ವರ್ಷದಿಂದ ವರ್ಷಕ್ಕೆ ಹೆಚ್ಚಿದೆ. ಹೀಗಿರುವಾಗ ಊರಿನ ಪುಸ್ತಕವೊಂದನ್ನೇ ನಂಬಿದರೆ, ಸಾವು ಕಡಿಮೆಯಾಗದಿದ್ದರೂ ಕಡಿಮೆಯಾದಂತೆ ಕಾಣುತ್ತದೆ.

ಇನ್ನೊಂದು ಸೋರಿಕೆ ಮನೆಯೊಳಗಿನದು. ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಬೇಕು, ವಿಧವಾ ವೇತನಕ್ಕೂ ಬೇಕು. ಹಾಗಾಗಿ ತೋಟ, ಗದ್ದೆ ಹೆಸರಿನಲ್ಲಿದ್ದ ಯಜಮಾನರ ಸಾವು ತಡವಾಗಿಯಾದರೂ ದಾಖಲಾಗುತ್ತದೆ. ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲದ, ಗಂಡ ಎಂದೋ ತೀರಿಹೋದ ಅಜ್ಜಿಯ ಸಾವಿಗೆ ಕಚೇರಿಯ ಮೆಟ್ಟಿಲು ಹತ್ತುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಹಿಂದಕ್ಕೆ ಹೋದಷ್ಟೂ ಈ ಕೊರತೆ ಜಾಸ್ತಿ. ಬದುಕಿಡೀ ದುಡಿದವರ ಸಾವೂ ಲೆಕ್ಕಕ್ಕೆ ಸಿಗದೆ ಹೋಗುವುದು ನನಗೆ ಬಹಳ ನೋವು ತಂದ ಸಂಗತಿ.

ಇದಕ್ಕೆ ಪರಿಹಾರ ಎರಡನೆಯ ಪಟ್ಟಿ. ಆಶಾ ಕಾರ್ಯಕರ್ತೆಯರ ಮನೆಭೇಟಿ ಪುಸ್ತಕಗಳಿಂದ ಸಾವುಗಳನ್ನು ತೆಗೆದು ನೋಂದಣಿ ಪುಸ್ತಕದೊಂದಿಗೆ ಹೆಸರು, ಮನೆ, ತಿಂಗಳು ನೋಡಿ ತಾಳೆ ಹಾಕಿದೆ. ಊರಿನವರಾಗಿದ್ದು ಹೊರಗೆ ತೀರಿಕೊಂಡವರು ಈ ಪಟ್ಟಿಯಲ್ಲಿ ಸಿಗುತ್ತಾರೆ. ಅವರನ್ನು ಸೇರಿಸಬೇಕು. ಬೇರೆ ಊರಿನಿಂದ ಬಂದು ನಮ್ಮಲ್ಲಿ ತೀರಿಕೊಂಡವರನ್ನು ಬಿಡಬೇಕು. ಎರಡೂ ಪಟ್ಟಿಗಳಿಂದ ತಪ್ಪಿಸಿಕೊಂಡವರನ್ನು ಅಂದಾಜು ಮಾಡಲು ಚಂದ್ರಶೇಖರನ್ ಮತ್ತು ಡೆಮಿಂಗ್ 1949ರಲ್ಲಿ ಪ್ರಕಟಿಸಿದ ವಿಧಾನವಿದೆ. ಬಂಗಾಳದ ಸಿಂಗೂರಿನ ದಾಖಲೆಗಳ ಮೇಲೆ ಪ್ರಯೋಗಿಸಿದ್ದು ಅದು. ಒಂದು ಪಟ್ಟಿಯಲ್ಲಿ 80 ಸಾವು, ಇನ್ನೊಂದರಲ್ಲಿ 75, ಎರಡರಲ್ಲೂ ಇರುವವು 60 ಎಂದುಕೊಳ್ಳಿ. 80ನ್ನು 75ರಿಂದ ಗುಣಿಸಿ 60ರಿಂದ ಭಾಗಿಸಿದರೆ 100. ಎರಡು ಪಟ್ಟಿಗಳನ್ನು ಕೂಡಿಸಿದಾಗ ಸಿಗುವ ಹೆಸರುಗಳು 95, ಕಾಣದೆ ಉಳಿದವು 5. ಆದರೆ ಕಾಡಿನಂಚಿನ ಒಂಟಿ ಮನೆ ಒಂದು ಪಟ್ಟಿಯಿಂದ ತಪ್ಪಿದರೆ ಇನ್ನೊಂದರಿಂದಲೂ ತಪ್ಪುವುದೇ ಹೆಚ್ಚು. ಆದ್ದರಿಂದ ಈ ಅಂದಾಜು ನಿಜಕ್ಕಿಂತ ಕೆಳಗೇ ನಿಲ್ಲುತ್ತದೆ ಎಂದು ತಿಳಿದೇ ಬಳಸಬೇಕು.

ಅತಿ ಹೆಚ್ಚು ಶ್ರಮ ಹಿಡಿದದ್ದು ವಯಸ್ಸು. ಬೆಂಜಮಿನ್ ಗಾಂಪರ್ಟ್ಜ್ 1825ರಲ್ಲೇ ತೋರಿಸಿದಂತೆ, ವಯಸ್ಕರಲ್ಲಿ ಸಾವಿನ ಸಂಭವ ವಯಸ್ಸಿನೊಂದಿಗೆ ಗುಣಿತವಾಗಿ ಏರುತ್ತದೆ. ಸ್ಥೂಲವಾಗಿ ಎಂಟು ವರ್ಷಕ್ಕೊಮ್ಮೆ ಇಮ್ಮಡಿ. ಅಂದರೆ ವಯಸ್ಸು ಬರೆಯುವಾಗ ಐದು ವರ್ಷ ಹೆಚ್ಚುಕಡಿಮೆಯಾದರೆ ಪ್ರಮಾಣದಲ್ಲಿ ಒಂದೂವರೆ ಪಟ್ಟಿನಷ್ಟು ವ್ಯತ್ಯಾಸ ಬರಬಹುದು. ನಮ್ಮ ಪುಸ್ತಕಗಳಲ್ಲಿ 60, 65, 70, 75, 80 ಇವೇ ತುಂಬಿವೆ. 67, 73 ಅಪರೂಪ. ಆಧಾರ್ ಕಾರ್ಡಿನಲ್ಲಿ ಎಷ್ಟೋ ಹಿರಿಯರು ಜನವರಿ ಒಂದರಂದೇ ಹುಟ್ಟಿದ್ದಾರೆ. ಇದರ ಜೊತೆಗೆ 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯ ವೇತನ 65 ತುಂಬಿದವರಿಗೆ. ಅರವತ್ತೆರಡರ ಬಡ ಹಿರಿಯರು ಅರವತ್ತೈದು ಎಂದು ಬರೆಸಿದ್ದರೆ ನಾನು ಅವರನ್ನು ದೂರುವುದಿಲ್ಲ. ಆದರೆ ನಿಜವಾಗಿ ಕಿರಿಯರಾದವರು ಮೇಲಿನ ವಯೋಗುಂಪಿಗೆ ಸೇರಿಕೊಂಡಾಗ ಆ ಗುಂಪಿನ ಸಾವಿನ ಪ್ರಮಾಣ ಸುಮ್ಮನೆ ಇಳಿದಂತೆ ಕಾಣುತ್ತದೆ.

ಆದ್ದರಿಂದ ವಯಸ್ಸು ಕೇಳುವುದನ್ನು ಬಿಟ್ಟು ಘಟನೆಗಳನ್ನು ಕೇಳಿದೆವು. ಮಲೆನಾಡಿನಲ್ಲಿ ಇದಕ್ಕೆ ಬರವಿಲ್ಲ. 1947ರ ಸ್ವಾತಂತ್ರ್ಯ, 1951ರ ಕಾಗೋಡು ಸತ್ಯಾಗ್ರಹ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದ 1957, ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964. ಮುಳುಗಡೆಯಿಂದ ಎದ್ದು ಬಂದ ಕುಟುಂಬಗಳಲ್ಲಿ ಈ ಕೊನೆಯದನ್ನು ಯಾರೂ ಮರೆತಿಲ್ಲ. "ಅಮ್ಮಾ, ಮುಳುಗಡೆಯಾದಾಗ ನಿಮ್ಮ ಅತ್ತೆಗೆ ಎಷ್ಟು ಮಕ್ಕಳಾಗಿದ್ದವು?" ಎಂದು ಆಶಾ ಕಾರ್ಯಕರ್ತೆ ಸೊಸೆಯನ್ನು ಕೇಳುತ್ತಾರೆ. "ದೊಡ್ಡ ಭಾವ ನಡೆಯುತ್ತಿದ್ದರಂತೆ, ನಮ್ಮವರು ಹೊಟ್ಟೆಯಲ್ಲಿದ್ದರಂತೆ" ಎಂಬ ಉತ್ತರ ಯಾವ ಗುರುತಿನ ಚೀಟಿಗಿಂತಲೂ ಹತ್ತಿರದ ವಯಸ್ಸನ್ನು ಕೊಡುತ್ತದೆ. ಜಾತಕವಿದ್ದ ಮನೆಗಳಲ್ಲಿ ಕೆಲಸ ಇನ್ನೂ ಸಲೀಸು. ಖರ ಸಂವತ್ಸರ ಎಂದಿದ್ದರೆ 1951ರ ಯುಗಾದಿಯಿಂದ 1952ರ ಯುಗಾದಿಯವರೆಗೆ, ಹೇವಿಳಂಬಿ ಎಂದಿದ್ದರೆ 1957-58. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿದರೂ ಅಷ್ಟು ಅಂತರದ ಗೊಂದಲ ಯಾವ ಮನೆಯಲ್ಲೂ ಹುಟ್ಟುವುದಿಲ್ಲ.

ಸತ್ತವರ ವಯಸ್ಸನ್ನು ತಿದ್ದಿದ ಮೇಲೆ ಬದುಕಿರುವವರದನ್ನೂ ಅದೇ ರೀತಿಯಲ್ಲಿ ತಿದ್ದಬೇಕು. ಇಲ್ಲವಾದರೆ ಭಾಗಿಸುವ ಸಂಖ್ಯೆ ಒಂದು ಅಳತೆಯದು, ಭಾಗವಾಗುವ ಸಂಖ್ಯೆ ಇನ್ನೊಂದರದು. 2011ರ ಜನಗಣತಿಯನ್ನು ಹಾಗೆಯೇ ಮುಂದಕ್ಕೆ ಎಳೆಯುವುದೂ ನಮ್ಮ ಜಿಲ್ಲೆಗೆ ಹೊಂದುವುದಿಲ್ಲ. 2001ರಲ್ಲಿ 16,42,545 ಇದ್ದ ಶಿವಮೊಗ್ಗದ ಜನಸಂಖ್ಯೆ 2011ರಲ್ಲಿ 17,52,753. ಹೆಚ್ಚಳ ಶೇಕಡಾ 7ನ್ನೂ ಮುಟ್ಟಿಲ್ಲ, ಅದೇ ದಶಕದಲ್ಲಿ ರಾಜ್ಯದ್ದು ಶೇಕಡಾ 15ರ ಮೇಲೆ. ಹುಟ್ಟುವವರು ಕಡಿಮೆಯಾಗಿದ್ದಾರೆ, ಓದಿದ ಮಕ್ಕಳು ಬೆಂಗಳೂರು ಸೇರಿದ್ದಾರೆ, ಮನೆ ಕಾಯುತ್ತಿರುವವರು ಹಿರಿಯರು. ಹಾಗಾಗಿ ಉಪಕೇಂದ್ರವಾರು ಮನೆ ಮನೆ ಎಣಿಸಿ, ಹಿಂದಿನ ಕಾಲದ ಎಣಿಕೆಗೆ ಹಳೆಯ ಕುಟುಂಬ ಸಮೀಕ್ಷೆಯ ಪುಸ್ತಕಗಳನ್ನು ಹುಡುಕಿದೆವು. ಮಳೆಗಾಲಕ್ಕೆ ಮಗಳ ಮನೆಗೆ ಹೋಗಿ ದೀಪಾವಳಿಗೆ ಮರಳುವ ಅಜ್ಜ ಅಜ್ಜಿಯರಿಗೆ ಒಂದೇ ನಿಯಮ: ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ನಮ್ಮವರು. ಸತ್ತವರಿಗೂ ಬದುಕಿರುವವರಿಗೂ ಅದೇ ನಿಯಮ.

ಇಷ್ಟಾದ ಮೇಲೆ ಲೆಕ್ಕ. ಅರವತ್ತು ದಾಟಿದ ಎಲ್ಲರನ್ನೂ ಒಂದೇ ಗುಂಪಾಗಿ ಹೋಲಿಸಿದರೆ ಏನಾಗುತ್ತದೆ ಎಂಬುದನ್ನು ಕಲ್ಪಿತ ಅಂಕಿಗಳಲ್ಲಿ ತೋರಿಸುತ್ತೇನೆ. ಮೊದಲ ಕಾಲದಲ್ಲಿ ಸಾವಿರ ಹಿರಿಯರು: ಅರವತ್ತರ ದಶಕದವರು 700, ಎಪ್ಪತ್ತರ ದಶಕದವರು 250, ಎಂಬತ್ತು ದಾಟಿದವರು 50. ವರ್ಷಕ್ಕೆ ಸಾವಿರಕ್ಕೆ ಕ್ರಮವಾಗಿ 25, 60, 140 ಸಾವು. ಒಟ್ಟು ಪ್ರಮಾಣ ಸಾವಿರಕ್ಕೆ 39.5. ಎರಡನೆಯ ಕಾಲದ ಸಾವಿರ ಹಿರಿಯರಲ್ಲಿ ಆ ಗುಂಪುಗಳು 550, 320, 130. ಪ್ರಮಾಣಗಳು 22, 54, 130, ಅಂದರೆ ಮೂರು ಗುಂಪಿನಲ್ಲೂ ಇಳಿದಿವೆ. ಆದರೂ ಒಟ್ಟು ಪ್ರಮಾಣ 46.3ಕ್ಕೆ ಏರುತ್ತದೆ! ಹಳೆಯ ಮರಗಳ ಪಾಲು ಹೆಚ್ಚಿರುವ ಅಡಿಕೆ ತೋಟದಲ್ಲಿ ಗಾಳಿಗೆ ಬೀಳುವ ಮರಗಳೂ ಹೆಚ್ಚು. ಅದರಿಂದ ಆರೈಕೆ ಕೆಟ್ಟಿತೆಂದು ಹೇಳಲಾಗದು. ಹೊಸ ಕಾಲದ ಪ್ರಮಾಣಗಳನ್ನು ಹಳೆಯ 700, 250, 50ಕ್ಕೆ ಅನ್ವಯಿಸಿದರೆ 35.4 ಬರುತ್ತದೆ. 39.5ರ ಜೊತೆ ಹೋಲಿಸಬೇಕಾದದ್ದು ಇದನ್ನು. ವಯೋಹೊಂದಾಣಿಕೆ ಎನ್ನುವುದು ಇದಕ್ಕೇ. ಹೆಂಗಸರಿಗೂ ಗಂಡಸರಿಗೂ ಪ್ರತ್ಯೇಕವಾಗಿ ಮಾಡಬೇಕು.

ಸಣ್ಣ ಸಂಖ್ಯೆಗಳ ವಿಷಯದಲ್ಲಿ ಒಂದೇ ಮಾತು. ವರ್ಷಕ್ಕೆ ನೂರು ಸಾವು ನಿರೀಕ್ಷಿತವಾಗಿರುವ ಕಡೆ ಬೇರೇನೂ ಬದಲಾಗದಿದ್ದರೂ ಅದು 80ಕ್ಕೆ ಇಳಿಯಬಹುದು, 120ಕ್ಕೆ ಏರಬಹುದು. ಒಂದು ವರ್ಷದ 80ನ್ನು ಇನ್ನೊಂದರ 100ಕ್ಕೆ ಹೋಲಿಸಿ ಗಾಬರಿಯಾಗಬೇಕಿಲ್ಲ. ಅಷ್ಟೇ ಜನರಿರುವಾಗ ಐದು ವರ್ಷಗಳ 400 ಮತ್ತು 500ರ ನಡುವಿನ ಅಂತರವನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು.

ನಮ್ಮ ವ್ಯಾಪ್ತಿಯಲ್ಲಿ ಕಂಡದ್ದು ಇಷ್ಟು. ಊರಿನವರು ಹೇಳುತ್ತಿದ್ದಂತೆ ಹಿರಿಯರ ಸಾವುಗಳ ಸಂಖ್ಯೆ ಹೆಚ್ಚಿರುವುದು ನಿಜ. ಅದಕ್ಕೆ ಮುಖ್ಯ ಕಾರಣ ಹಿರಿಯರೇ ಹೆಚ್ಚಿರುವುದು, ಅವರಲ್ಲೂ ಎಪ್ಪತ್ತೈದು ದಾಟಿದವರು ಹೆಚ್ಚಿರುವುದು. ವಯೋಹೊಂದಾಣಿಕೆಯ ನಂತರ ಎರಡು ಕಾಲಗಳ ನಡುವೆ ಉಳಿದ ಅಂತರ ಆಕಸ್ಮಿಕ ಏರಿಳಿತವನ್ನು ಮೀರಲಿಲ್ಲ. ಬೇರೆಯಾಗಿಟ್ಟ 2021 ಮಾತ್ರ ಎದ್ದು ನಿಂತಿತು. ಅದರ ಮರುವರ್ಷ ಪ್ರಮಾಣ ತಗ್ಗಿದ್ದನ್ನು ಆರೋಗ್ಯ ಸುಧಾರಿಸಿದ ಗುರುತೆಂದು ನಾನು ಬರೆಯಲಿಲ್ಲ. ತೀರಾ ದುರ್ಬಲರಾಗಿದ್ದವರು ಮೊದಲೇ ತೀರಿಕೊಂಡಾಗ ಉಳಿದವರಲ್ಲಿ ಸಾವು ಕೆಲಕಾಲ ಕಡಿಮೆ ಕಾಣುತ್ತದೆ.

ಗ್ರಾಮಸಭೆಗೆ ಕೊಟ್ಟ ಪಟ್ಟಿಯಲ್ಲಿ ಎಂಬತ್ತು ದಾಟಿದ ಹೆಂಗಸರ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಮೊದಲ ಕಾಲದ ಅವರ ಸಾವುಗಳು ಎರಡೂ ಪಟ್ಟಿಗಳಲ್ಲಿ ಇಷ್ಟು ವಿರಳವಾಗಿದ್ದಾಗ ಅಲ್ಲೊಂದು ಅಂಕಿ ಬರೆಯುವ ಧೈರ್ಯ ನನಗಿರಲಿಲ್ಲ. ಆಶಾ ಕಾರ್ಯಕರ್ತೆಯರ ಪುಸ್ತಕಕ್ಕೆ ಈಗ ಮೂರು ಕಾಲಂಗಳನ್ನು ಸೇರಿಸಿದ್ದೇವೆ: ವಯಸ್ಸು ಯಾವುದರಿಂದ ತಿಳಿಯಿತು, ಎಲ್ಲಿ ತೀರಿಕೊಂಡರು, ಕೊನೆಯ ವರ್ಷ ಹೆಚ್ಚು ಕಾಲ ಯಾರ ಮನೆಯಲ್ಲಿದ್ದರು.