ಶೇಕಡಾ 30ರ ಸರ್ಟಿಫಿಕೇಟ್ ಮತ್ತು ನನ್ನ ಒಂದು ಪುಟದ ಪತ್ರ

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ, ಚಿಕ್ಕದಾಗಿ ಎಂಎಸ್. ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ನಡೆಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ಮದುವೆಮನೆಯಲ್ಲಿ ಒಂದು ಪಂಕ್ತಿಗೆ ಬಡಿಸಿಯೂ ಬರುತ್ತೇನೆ. ಎರಡನೇ ಪಂಕ್ತಿಗೆ ಆಗುವುದಿಲ್ಲ, ಅಷ್ಟೇ.

ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ ಇದು. ನನಗೆ ಕಣ್ಣಿನಿಂದ ಶುರುವಾಯಿತು. ಎಂಆರ್‌ಐ, ಸ್ಟೀರಾಯ್ಡ್ ಡ್ರಿಪ್ಪು ಇವೆಲ್ಲ ಈ ಕಾಯಿಲೆಯವರಿಗೆ ಗೊತ್ತಿರುವ ಕಥೆ, ಬಿಡುತ್ತೇನೆ. ಮೈ ಬಿಸಿಯಾದರೆ ತೊಂದರೆ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇನ್ನೊಂದು, ಎಷ್ಟು ನಿದ್ದೆ ಮಾಡಿದರೂ ಹೋಗದ ಸುಸ್ತು. ಬೆಂಗಳೂರಿನಲ್ಲಿ ಯಾರ ಹತ್ತಿರ ಹೇಳಿಕೊಂಡರೂ "ಅಯ್ಯೋ, ನನಗೂ ಸುಸ್ತೇ" ಅನ್ನುತ್ತಾರೆ. ಬಾಯಿಮಾತಿನಲ್ಲಿ ಇದನ್ನು ಯಾರಿಗೂ ನಂಬಿಸಲಾಗುವುದಿಲ್ಲ.

ನನ್ನ ಕೆಲಸ ನಗರದ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿಆರ್-3ಬಿ, ಈ ಎರಡು ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಕಡೆಯ ದಿನ. ಈ ಎರಡು ತಾರೀಕುಗಳ ಹಿಂದಿನ ದಿನಗಳಲ್ಲಿ ರಾತ್ರಿ ಒಂಬತ್ತಾದರೂ ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ನನ್ನ ಟೇಬಲ್ ಇದ್ದದ್ದು ಪಶ್ಚಿಮದ ಗಾಜಿನ ಗೋಡೆಗೆ ಒತ್ತಿ. ಮಧ್ಯಾಹ್ನ ಮೂರು ದಾಟಿದರೆ ಅಲ್ಲಿ ಎಸಿ ಇದ್ದೂ ಇಲ್ಲದಂತೆ. ಏಪ್ರಿಲಿನಲ್ಲಿ ಎಕ್ಸೆಲ್ ಸಾಲುಗಳು ಒಂದಕ್ಕೊಂದು ಅಂಟಿಕೊಂಡು ಕಾಣುತ್ತಿದ್ದವು.

ಎಂಎಸ್ ಕೂಡ ಅಂಗವೈಕಲ್ಯದ ಕಾನೂನಿನೊಳಗೆ ಬರುತ್ತದೆ ಎಂದು ನನಗೆ ಹೇಳಿದ್ದು ಇನ್‌ಫ್ಯೂಷನ್ ವಾರ್ಡಿನಲ್ಲಿ ಪರಿಚಯವಾದ ಒಬ್ಬ ಸೋಷಿಯಲ್ ವರ್ಕರ್. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು 7 ಬಗೆಯ ಅಂಗವೈಕಲ್ಯ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಎಂಎಸ್, ಪಾರ್ಕಿನ್ಸನ್, ಹಿಮೋಫಿಲಿಯಾ, ತಲಸ್ಸೀಮಿಯಾ, ಮಾನಸಿಕ ಕಾಯಿಲೆ, ಕಲಿಕಾ ನ್ಯೂನತೆ ಎಲ್ಲವೂ ಈಗ ಪಟ್ಟಿಯಲ್ಲಿವೆ. 2017ರ ಏಪ್ರಿಲ್ 19ರಿಂದ ಈ ಕಾಯ್ದೆ ಜಾರಿಯಲ್ಲಿದೆ.

ಸರಿ, ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿದೆ. ಇಲ್ಲಿ ಒಂದು ಕಿವಿಮಾತು: ಆಸ್ಪತ್ರೆ ಆರಿಸುವಾಗ ಮನೆಗೆ ಹತ್ತಿರ ಯಾವುದು ಎಂದು ನೋಡಬೇಡಿ, ನರರೋಗ ತಜ್ಞರು ಎಲ್ಲಿದ್ದಾರೆ ಎಂದು ವಿಚಾರಿಸಿ ಆರಿಸಿ. ಮತ್ತೆ, ನಿಮ್ಮ ಡಾಕ್ಟರಿಂದ ಬರೀ ಕಾಯಿಲೆಯ ಹೆಸರು ಬರೆಸಿಕೊಂಡು ಹೋದರೆ ಸಾಲದು. ಆಸ್ಪತ್ರೆಯ ಮೆಡಿಕಲ್ ಬೋರ್ಡಿನವರು ಅಂಗವೈಕಲ್ಯದ ಶೇಕಡಾವಾರು ಹಾಕುವುದು ಕಾಯಿಲೆಗಲ್ಲ, ಅದರಿಂದ ಮೈಯಲ್ಲಿ ಉಳಿದಿರುವ ಕೊರತೆಗೆ. ಕಾಲಿನ ಬಲ, ನಡಿಗೆ, ದೃಷ್ಟಿ, ಮೂತ್ರದ ತೊಂದರೆ, ಇವುಗಳ ಬಗ್ಗೆ ಒಂದೊಂದು ಸಾಲು ಇರಬೇಕು. ನಾನು ಹಾಗೇ ಬರೆಸಿಕೊಂಡು ಹೋಗಿದ್ದೆ. ಆದರೂ ಬೋರ್ಡಿನ ಡಾಕ್ಟರು ನನ್ನನ್ನು ನೋಡಿದ್ದು ಬೆಳಗಿನ ಹೊತ್ತು, ಫ್ಯಾನಿನ ಕೆಳಗೆ ಆರಾಮಾಗಿ ಕೂತಿದ್ದವಳನ್ನು. ಶೇಕಡಾ 30ರ ಅಂಗವೈಕಲ್ಯ ಎಂದು ಸರ್ಟಿಫಿಕೇಟ್ ಬಂತು. ಒಪ್ಪಿಗೆಯಾಗದಿದ್ದರೆ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕಬಹುದು. ನನಗೆ ಬೇಕಿದ್ದದ್ದು ಆಫೀಸಿನಲ್ಲಿ ನೆಮ್ಮದಿಯಾಗಿ ಕೆಲಸ ಮಾಡುವುದು, ಅದಕ್ಕೆ ಈ ಕಾಗದ ಸಾಕೆನಿಸಿತು, ಹಾಕಲಿಲ್ಲ.

40ಕ್ಕಿಂತ ಕಡಿಮೆ ಬಂದರೆ ಏನೇನು ಹೋಗುತ್ತದೆ ಎಂಬುದೂ ಗೊತ್ತಿರಲಿ. ಬಿಎಂಟಿಸಿಯ ವರ್ಷಕ್ಕೆ 660 ರೂಪಾಯಿಯ ಪಾಸು ಇಲ್ಲ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಅಂಗವೈಕಲ್ಯಕ್ಕೆ ಸಿಗುವ 75,000 ರೂಪಾಯಿಯ ಕಡಿತ ಇಲ್ಲ. ಸರ್ಕಾರಿ ನೌಕರಿಯ ಶೇ. 4ರ ಮೀಸಲಾತಿಯಲ್ಲೂ ಜಾಗವಿಲ್ಲ. ಕಾರ್ಡಿನ ಬಣ್ಣವೂ ಬೇರೆ: 40ಕ್ಕಿಂತ ಕೆಳಗೆ ಬಿಳಿ, 79ರವರೆಗೆ ಹಳದಿ, 80 ಮತ್ತು ಮೇಲೆ ನೀಲಿ.

ಬಿಳಿ ಕಾರ್ಡು ಹಿಡಿದು ಎಚ್‌ಆರ್ ಹತ್ತಿರ ಹೋದಾಗ ಬಂದ ಮೊದಲ ಮಾತು ಇದೇ: "ನೋಡಿ ಮೇಡಂ, ಫಾರ್ಟಿ ಪರ್ಸೆಂಟ್ ಇಲ್ವಲ್ಲ. ಆ್ಯಕ್ಟು ನಿಮಗೆ ಅಪ್ಲೈ ಆಗಲ್ಲ." ಹುಡುಗ ಒಳ್ಳೆಯವನೇ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬಹಳ ಜನ ಹಾಗೆಂದೇ ತಿಳಿದಿದ್ದಾರೆ. ಕಾಯ್ದೆ ತೆರೆದು ನೋಡಿದರೆ ಎರಡನೇ ಸೆಕ್ಷನ್ನಿನಲ್ಲೇ ಎರಡು ಬೇರೆ ಬೇರೆ ವ್ಯಾಖ್ಯೆಗಳಿವೆ. ಶೇ. 40 ಬೇಕಾದದ್ದು 'ಬೆಂಚ್‌ಮಾರ್ಕ್' ಅಂಗವೈಕಲ್ಯಕ್ಕೆ. ಮೀಸಲಾತಿಯಂಥ ಸವಲತ್ತುಗಳು ಅದಕ್ಕೆ ಅಂಟಿಕೊಂಡಿವೆ. ಬರೀ 'ಅಂಗವಿಕಲ ವ್ಯಕ್ತಿ' ಅನ್ನುವಲ್ಲಿ ಯಾವ ಅಂಕಿಯೂ ಇಲ್ಲ. ದೀರ್ಘಕಾಲದ ನ್ಯೂನತೆ ಇದ್ದು, ಸುತ್ತಲಿನ ಅಡ್ಡಿಗಳ ಜೊತೆ ಸೇರಿ ಅದು ಇತರರಂತೆ ಪಾಲ್ಗೊಳ್ಳುವುದಕ್ಕೆ ತಡೆಯಾಗುತ್ತಿದ್ದರೆ ಸಾಕು. ತಾರತಮ್ಯ ಮಾಡಬಾರದು ಎನ್ನುವ ಮೂರನೇ ಸೆಕ್ಷನ್ ಈ ಎರಡನೆಯ ಗುಂಪಿಗೆ ಅನ್ವಯಿಸುತ್ತದೆ. ತಾರತಮ್ಯ ಎಂದರೇನು ಎಂದು ಹೇಳುವಾಗ, ಸಮಂಜಸ ಹೊಂದಾಣಿಕೆ ಮಾಡಿಕೊಡಲು ನಿರಾಕರಿಸುವುದೂ ತಾರತಮ್ಯವೇ ಎಂದು ಕಾಯ್ದೆಯೇ ಬರೆದಿದೆ. ಸಂಸ್ಥೆಯ ಮೇಲೆ ತಾಳಲಾರದ ಹೊರೆ ಹೊರಿಸದೆ ಮಾಡಬಹುದಾದ ಬದಲಾವಣೆಗಳಿಗೆ ಸಮಂಜಸ ಹೊಂದಾಣಿಕೆ ಎನ್ನುತ್ತಾರೆ.

ಇದನ್ನೇ ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರ ವಿಕಾಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿ ಯುಪಿಎಸ್‌ಸಿ ಪರೀಕ್ಷೆಗೆ ಬರೆಯುವ ಸಹಾಯಕ ಬೇಕು ಎಂದಿದ್ದರು; ಬೆಂಚ್‌ಮಾರ್ಕ್ ಅಂಗವೈಕಲ್ಯ ಇಲ್ಲವೆಂದು ಕೊಟ್ಟಿರಲಿಲ್ಲ. ಆ ಅಳತೆಯನ್ನು ಇಲ್ಲಿ ತರುವಂತಿಲ್ಲ ಎಂದು ಕೋರ್ಟ್ ಹೇಳಿತು. ಆ ಪುಟಗಳನ್ನು ಪ್ರಿಂಟ್ ತೆಗೆದು, ಹೈಲೈಟರ್ ಬಳಿದು, ಪತ್ರದ ಹಿಂದೆ ಪಿನ್ ಮಾಡಿದೆ.

ಪತ್ರದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕೆಲಸ ಆದದ್ದು ಅದರಿಂದ. ಒಂದೇ ಪುಟ. ಅದರಲ್ಲಿ ಎಂಆರ್‌ಐ ಬಗ್ಗೆ ಒಂದಕ್ಷರವಿಲ್ಲ, ನೋವಿನ ವರ್ಣನೆಯಿಲ್ಲ. ಅಮ್ಮ ಓದಿ, "ಇದೇನೇ, ಕಾಯಿಲೆ ವಿಷಯಾನೇ ಬರ್ದಿಲ್ಲ, ಅವರಿಗೆ ಕನಿಕರ ಹೇಗೆ ಬರುತ್ತೆ?" ಅಂದಳು. ಕನಿಕರದಿಂದ ಕೊಟ್ಟದ್ದು ಮ್ಯಾನೇಜರ್ ಬದಲಾದ ದಿನ ಹೋಗುತ್ತದೆ. ನನ್ನ ಪತ್ರದಲ್ಲಿದ್ದದ್ದು ಬರೀ ಕೆಲಸದ ಲೆಕ್ಕ. ಟೇಬಲನ್ನು ಗಾಜಿನ ಗೋಡೆಯಿಂದ ಒಳಗಿನ ಸಾಲಿಗೆ ಬದಲಿಸಿದರೆ ಮಧ್ಯಾಹ್ನ ಮೂರರ ನಂತರದ ಕೆಲಸ ಕೆಡುವುದಿಲ್ಲ, ಖರ್ಚಿಲ್ಲ. ದೊಡ್ಡ ಮಾನಿಟರ್ ಕೊಟ್ಟರೆ ಬಿಲ್ ನಂಬರ್ ತಾಳೆ ನೋಡುವುದು ಸಲೀಸು. ಸ್ಟೋರಿನಲ್ಲಿ ಒಂದು ಖಾಲಿ ಬಿದ್ದಿದೆ ಎಂದೂ ಬರೆದೆ. ಊಟದ ನಂತರ ಇಪ್ಪತ್ತು ನಿಮಿಷ ಒರಗಲು ಒಂದು ಜಾಗ, ಆ ಇಪ್ಪತ್ತು ನಿಮಿಷವನ್ನು ಸಂಜೆ ತುಂಬಿಕೊಡುತ್ತೇನೆ. ಬೇಸಿಗೆ ಎರಡು ತಿಂಗಳು ಮನೆಯಿಂದ ಕೆಲಸ. ಮುಖ್ಯವಾದದ್ದು ಕೊನೆಯದು: ಬೇರೆ ವಿಭಾಗಗಳಿಂದ ಬರುವ ಬಿಲ್ಲುಗಳಿಗೆ 7ನೇ ತಾರೀಕೇ ಗಡುವು. ಹಾಗಾದರೆ 10ರ ರಾತ್ರಿ ಯಾರೂ ಕೂರಬೇಕಿಲ್ಲ. ಎಲ್ಲವನ್ನೂ ಮೂರು ತಿಂಗಳು ಪ್ರಯೋಗ ಮಾಡಿ ನೋಡೋಣ, ಆಗದಿದ್ದರೆ ಮತ್ತೆ ಕೂತು ಮಾತಾಡೋಣ ಎಂದು ಮುಗಿಸಿದೆ.

ಜೊತೆಗೆ ಒಂದು ಸಾಲು: ನಮ್ಮ ಕಂಪನಿಯ ಸಮಾನ ಅವಕಾಶ ನೀತಿಯ ಪ್ರತಿ ಕೊಡಿ, ಸಂಪರ್ಕ ಅಧಿಕಾರಿ ಯಾರು ತಿಳಿಸಿ. ಈ ಸಾಲಿಗೆ ಬಲ ಜಾಸ್ತಿ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಖಾಸಗಿಯವರೂ ಈ ನೀತಿಯನ್ನು ಪ್ರಕಟಿಸಬೇಕು, ಅಂಗವಿಕಲ ವ್ಯಕ್ತಿಗಳ ಆಯುಕ್ತರಲ್ಲಿ ನೋಂದಾಯಿಸಬೇಕು. 2017ರ ನಿಯಮಗಳಂತೆ 20 ಅಥವಾ ಹೆಚ್ಚು ಜನರಿರುವ ಕಡೆ ಯಾವ ಸೌಲಭ್ಯ, ಯಾವ ಹುದ್ದೆ, ಯಾವ ಸಲಕರಣೆ ಎಂಬ ವಿವರವೂ, ಒಬ್ಬ ಸಂಪರ್ಕ ಅಧಿಕಾರಿಯೂ ಅದರಲ್ಲಿರಬೇಕು. ನಮ್ಮಲ್ಲಿ ಇದ್ದ ನೀತಿ ಎಲ್ಲಿಂದಲೋ ನಕಲು ಮಾಡಿದ್ದು; ಮೇಲೊಂದು ವ್ಹೀಲ್‌ಚೇರಿನ ಚಿತ್ರ, ಒಳಗೆ ಇನ್ನೊಂದು ಕಂಪನಿಯ ಹೆಸರು ಹಾಗೇ ಉಳಿದಿತ್ತು. ಅದನ್ನು ಯಾರಿಗೂ ತೋರಿಸಿ ನಗಲಿಲ್ಲ. ಆದರೆ ಆಮೇಲೆ ಎಚ್‌ಆರ್‌ನವರ ಮಾತಿನ ಧಾಟಿ ಬದಲಾಯಿತು.

ಟೇಬಲ್ಲು, ಮಾನಿಟರು ಬೇಗ ಬಂದವು. ಒರಗಲು ಚಿಕ್ಕ ಮೀಟಿಂಗ್ ರೂಮು. 7ರ ಗಡುವಿಗೆ ಸೇಲ್ಸ್‌ನವರು ಗೊಣಗಿದರು. ಈಗ ನಮ್ಮ ಇಡೀ ವಿಭಾಗ ಅದನ್ನು ಬಿಟ್ಟುಕೊಡಲು ತಯಾರಿಲ್ಲ. ಬೇಸಿಗೆಯಲ್ಲಿ ಮನೆಯಿಂದ ಕೆಲಸ ಮಾಡುವುದನ್ನು ಪೂರ್ತಿ ಒಪ್ಪಲಿಲ್ಲ, ವಾರಕ್ಕೆ ಎರಡು ದಿನ ಕೊಟ್ಟರು. ಆ ವರ್ಷದ ಅಪ್ರೈಸಲ್‌ನಲ್ಲಿ ಮಾತ್ರ 'ಲಭ್ಯತೆ ಕಡಿಮೆ' ಎಂದು ಬರೆದಿದ್ದರು. ಅವರೇ ಲಿಖಿತವಾಗಿ ಒಪ್ಪಿದ ಹೊಂದಾಣಿಕೆಯನ್ನೇ ಕೊರತೆ ಎಂದು ಹೇಗೆ ಬರೆಯುತ್ತೀರಿ ಎಂದು ಮೇಲ್ ಹಾಕಿದೆ. ಸಾಲು ತೆಗೆದರು, ರೇಟಿಂಗ್ ಬದಲಾಗಲಿಲ್ಲ.

ಒಪ್ಪದೇ ಇದ್ದಿದ್ದರೆ? ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರ ಕಚೇರಿ ಬೆಂಗಳೂರಿನಲ್ಲೇ ಇದೆ. ವಕೀಲರಿಲ್ಲದೆ ಕನ್ನಡದಲ್ಲೇ ದೂರು ಬರೆದು ಕೊಡಬಹುದು. ವಿಚಾರಣೆಗೆ ಕರೆಸುವ, ಕಾಗದಪತ್ರ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಅವರು ಕೊಡುವುದು ಶಿಫಾರಸು. ಮೂರು ತಿಂಗಳಲ್ಲಿ ಅದರ ಮೇಲೆ ಏನು ಕ್ರಮ ಕೈಗೊಂಡೆವು, ಇಲ್ಲವಾದರೆ ಏಕೆ ಇಲ್ಲ ಎಂದು ಕಂಪನಿ ಅವರಿಗೆ ಉತ್ತರ ಕೊಡಬೇಕು. ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮುರಿದರೆ 50,000ದಿಂದ 5 ಲಕ್ಷ. ಕೆಲಸದಿಂದಲೇ ತೆಗೆದರೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 39ನೇ ಸೆಕ್ಷನ್ನೂ ನೆನಪಿರಲಿ: ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಇಲ್ಲದೆ ತೆಗೆಯುವಂತಿಲ್ಲ.

ಆದರೂ ನನ್ನ ಅಭಿಪ್ರಾಯ ಕೇಳಿದರೆ, ಖಾಸಗಿ ನೌಕರರ ಪಾಲಿಗೆ ಈ ಕಾಯ್ದೆ ಅರ್ಧ ಹೆಜ್ಜೆ ಇಟ್ಟು ನಿಂತಿದೆ. ಸರ್ಕಾರಿ ನೌಕರಿಯಲ್ಲಿರುವ ನಮ್ಮ ಭಾವನವರಿಗೆ ಪಾರ್ಶ್ವವಾಯು ಹೊಡೆದಾಗ 20ನೇ ಸೆಕ್ಷನ್ ಅವರ ಬೆನ್ನಿಗಿತ್ತು. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ, ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು, ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿಯಾದರೂ ಇಟ್ಟುಕೊಳ್ಳಬೇಕು. ಅಷ್ಟು ಬಿಗಿಯಾದ ಮಾತು ನನ್ನಂಥವರಿಗೆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅದಕ್ಕೇ ನಾನು ಪತ್ರಕ್ಕೆ ಇಷ್ಟು ಒತ್ತು ಕೊಡುವುದು.

ಆಸ್ಪತ್ರೆಯ ವಿಷಯ ಇಷ್ಟು ಸುತ್ತಿಲ್ಲ. 25ನೇ ಸೆಕ್ಷನ್ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶ ಇರಬೇಕೆನ್ನುತ್ತದೆ, ಪರೀಕ್ಷೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕೆನ್ನುತ್ತದೆ. ಓಪಿಡಿ ಸಾಲಿನಲ್ಲಿ ನಿಂತು ಕಾನೂನು ಹೇಳಿದರೆ ಜಗಳವೇ ಆಗುತ್ತದೆ, ಹಿಂದಿನವರಿಗೂ ಕಾಯಿಲೆಯೇ ತಾನೇ. ನಾನು ಮಾಡುವುದು ಇಷ್ಟು: ರಿಜಿಸ್ಟ್ರೇಷನ್ ಮಾಡಿಸುವಾಗಲೇ ಕಾರ್ಡ್ ತೋರಿಸಿ, "ತುಂಬಾ ಹೊತ್ತು ನಿಲ್ಲಕ್ಕಾಗಲ್ಲ ಸಿಸ್ಟರ್, ಕೂರಿಸಿ ಹೆಸರು ಕರೀರಿ" ಅನ್ನುತ್ತೇನೆ. ಸಾಮಾನ್ಯವಾಗಿ ಕರೆಯುತ್ತಾರೆ.

ಹೆಚ್ಚು ಬೆವರಿಳಿಸಿದ್ದು ವಿಮೆ. ಅಂಗವೈಕಲ್ಯ, ಎಚ್‌ಐವಿ, ಮಾನಸಿಕ ಕಾಯಿಲೆ ಇರುವವರಿಗೆ ಪ್ರತಿ ಆರೋಗ್ಯ ವಿಮಾ ಕಂಪನಿಯೂ ಒಂದು ಪಾಲಿಸಿ ಇಡಲೇಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2023ರ ಫೆಬ್ರವರಿಯಲ್ಲಿ ಸುತ್ತೋಲೆ ಹೊರಡಿಸಿತು. ನಾನು ವಿಚಾರಿಸಿದ ಕಂಪನಿ ಅದಕ್ಕೂ ಶೇ. 40 ಕೇಳಿತು. ಆಫೀಸಿನ ಗ್ರೂಪ್ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೂ ರಕ್ಷಣೆ ಇದೆ, ಆದರೆ ಕೆಲಸ ಬಿಟ್ಟ ದಿನ ಅದೂ ಬಿಡುತ್ತದೆ. ಬಿಡುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿ ಎಂದು ಲಿಖಿತವಾಗಿ ಕೇಳಬಹುದು. ನಾನು ಅಲ್ಲಿಯವರೆಗೆ ಕಾಯಲಿಲ್ಲ. ಎಂಎಸ್ ಇದೆ ಎಂದು ಮುಚ್ಚಿಡದೆ ಬರೆದು, ಹೆಚ್ಚಿನ ಪ್ರೀಮಿಯಂ ಕಟ್ಟಿ, ಬೇರೊಂದು ಕಂಪನಿಯ ಮಾಮೂಲಿ ಪಾಲಿಸಿಯನ್ನೇ ಮಾಡಿಸಿದೆ. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ, ಅಂದರೆ ಅದಕ್ಕೆ ಕ್ಲೇಮ್ ಸಿಗದ ಅವಧಿ, 2024ರಿಂದ ಹೆಚ್ಚೆಂದರೆ ಮೂರು ವರ್ಷ. ಸಂಬಳ ಬರುತ್ತಿರುವಾಗಲೇ, ಆಫೀಸಿನ ವಿಮೆ ಇರುವಾಗಲೇ ಆ ಮೂರು ವರ್ಷ ಕಳೆದುಹೋಗಲಿ ಎಂಬುದು ನನ್ನ ಲೆಕ್ಕ.