ಕಲ್ಲಿನ ನವಿಲಿಗೆ ಮೂರು ಸಲ ಹೋದೆ

ವರ್ಷಕ್ಕೊಮ್ಮೆ ಮುಂಬೈಗೆ ಹೋಗುತ್ತೇನೆ. ಮಾಟುಂಗದಲ್ಲಿ ಅಣ್ಣನ ಮನೆ. ಅಲ್ಲಿಂದ ಲೋಕಲ್ ಹತ್ತಿದರೆ ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್. ಆ ಸ್ಟೇಷನ್ನಿನ ಗೋಡೆ ತುಂಬ ಇರುವ ಕೆತ್ತನೆಗಳ ಫೋಟೊ ತೆಗೆಯುವುದು ನನ್ನ ಹುಚ್ಚು.

ಅಲ್ಲಿನ ಒಂದು ಕಲ್ಲಿನ ನವಿಲಿಗಾಗಿ ಮೊದಲ ಸಲ ಬೆಳಿಗ್ಗೆ ಎಂಟಕ್ಕೇ ಹೋಗಿ ನಿಂತೆ. ಬೆಳಗಿನ ಬಿಸಿಲು ಒಳ್ಳೇದು ಅಂತ ಎಲ್ಲರೂ ಹೇಳ್ತಾರಲ್ವಾ? ಕಟ್ಟಡದ ಮುಖ ಪಶ್ಚಿಮಕ್ಕೆ. ಸೂರ್ಯ ಅದರ ಬೆನ್ನ ಹಿಂದೆ. ಫೋಟೊದಲ್ಲಿ ಆಕಾಶ ಬೆಳ್ಳಗೆ, ನವಿಲು ಕರ್ರಗೆ. ಮರುದಿನ ಸಂಜೆ ಐದಕ್ಕೆ ಹೋದೆ. ಬಣ್ಣವೇನೋ ಬಂಗಾರದ ಹಾಗೆ ಬಂತು, ಆದರೆ ಬಿಸಿಲು ನೇರ ಮುಖಕ್ಕೆ ಬಿದ್ದು ಗರಿಗಳೆಲ್ಲ ಸಪಾಟು. ಗೋಡೆಗೆ ನವಿಲಿನ ಚಿತ್ರ ಅಂಟಿಸಿದ ಹಾಗಿತ್ತು.

ಕೆತ್ತನೆಗೆ ಬೇಕಾದದ್ದು ನೆರಳು. ಬಿಸಿಲು ಗೋಡೆಯನ್ನು ಓರೆಯಾಗಿ ಸವರಿಕೊಂಡು ಹೋಗುವ ಹೊತ್ತಿಗೆ ಮಾತ್ರ ಒಂದೊಂದು ಗರಿಯೂ ಎದ್ದು ಕಾಣುತ್ತದೆ. ಡಿಸೆಂಬರ್‌ನಲ್ಲಿ ಈ ಗೋಡೆಗೆ ಅದು ಮಧ್ಯಾಹ್ನ ಎರಡು, ಎರಡೂವರೆ. ಊಟ ಮಾಡಿ ಮಲಗುವ ಹೊತ್ತು! ಮೂರನೇ ಸಲ ಹೊರಟಾಗ ಅತ್ತಿಗೆ ಕೇಳಿದರು, "ನವಿಲು ನೋಡೋಕೆ ಮುಂಬೈಗೆ ಬರಬೇಕಾ? ಊರಲ್ಲಿ ಗದ್ದೆಗೇ ಬರುತ್ತಲ್ಲ?"

ಮುಂಬೈನದೇ ಓವಲ್ ಮೈದಾನದಲ್ಲಿ ಈ ಬಿಸಿಲಿನ ಲೆಕ್ಕ ಚೆನ್ನಾಗಿ ಕಲಿಯಬಹುದು. ಒಂದು ಕಡೆ ರಾಜಾಬಾಯಿ ಟವರ್ ಎಂಬ ಗಡಿಯಾರದ ಗೋಪುರ, ಹೈಕೋರ್ಟ್. ಅವುಗಳ ಈ ಮುಖ ಪಶ್ಚಿಮಕ್ಕೆ, ಹಾಗಾಗಿ ಮಧ್ಯಾಹ್ನದ ಮೇಲೆ. ಎದುರುಗಡೆ 1930ರ ದಶಕದ ಆರ್ಟ್ ಡೆಕೊ ಎಂಬ ಶೈಲಿಯ ಮನೆಗಳು, ಪೂರ್ವಕ್ಕೆ ಮುಖ. ಅವಕ್ಕೆ ಬೆಳಿಗ್ಗೆ ಹತ್ತರ ಸುಮಾರು. ಎರಡೂ ಸಾಲು ಒಟ್ಟಿಗೇ 2018ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿ ಸೇರಿದವು. ಆರ್ಟ್ ಡೆಕೊದಲ್ಲಿ ಜನ ಮೇಲೆ ನೋಡಿ ಮುಂದೆ ಹೋಗುತ್ತಾರೆ. ನಾನು ಗೇಟು ನೋಡುತ್ತೇನೆ. ಕಬ್ಬಿಣದಲ್ಲಿ ಸೂರ್ಯನ ಕಿರಣ, ಹಡಗಿನ ಕಟಕಟೆಯಂಥ ಬಾಲ್ಕನಿ, ಕಟ್ಟಡದ ಹೆಸರು ಬರೆದ ಅಕ್ಷರ. ಕಿಟಕಿ ಮೇಲಿನ ಸಣ್ಣ ಸಜ್ಜಕ್ಕೆ ಅಲ್ಲಿಯವರು ಹುಬ್ಬು ಅಂತಲೇ ಹೇಳ್ತಾರೆ.

ನನ್ನ ಹತ್ತಿರ ಈಗ ಫೋನ್ ಮತ್ತು ಒಂದು ಹಳೇ ಬೈನಾಕ್ಯುಲರ್ ಅಷ್ಟೇ. ಟ್ರೈಪಾಡ್ ಒಯ್ಯುವುದು ಬಿಟ್ಟೆ. ಫೋರ್ಟ್ ಏರಿಯಾದ ಒಂದು ಹಳೇ ಆಫೀಸಿನ ಮುಂದೆ ಅದರ ಕಾಲು ಬಿಡಿಸಿದ್ದೇ ತಡ, ವಾಚ್‌ಮನ್ ಬಂದು ಪರ್ಮಿಶನ್ ಕೇಳಿದ. ಫೋನಿನಲ್ಲಿ ತೆಗೆದರೆ ಯಾರೂ ತಿರುಗಿ ನೋಡುವುದಿಲ್ಲ. ಬುಡದಲ್ಲಿ ನಿಂತು ಮೇಲಕ್ಕೆ ಹಿಡಿದರೆ ಕಟ್ಟಡ ಹಿಂದಕ್ಕೆ ಬಿದ್ದ ಹಾಗೆ ಕಾಣುತ್ತದೆ. ಅದಕ್ಕೆ ರಸ್ತೆ ದಾಟಿ ಎದುರು ಫುಟ್‌ಪಾತಿಗೆ ಹೋಗಿ ಜೂಮ್ ಮಾಡುತ್ತೇನೆ. ಕೆತ್ತನೆಯ ಮೇಲೆ ಬೆರಳು ಒತ್ತಿ, ಬೆಳಕು ಸ್ವಲ್ಪ ಇಳಿಸುತ್ತೇನೆ. ಇನ್ನೊಂದು ಅಭ್ಯಾಸ: ಮೊದಲು ಪೂರ್ತಿ ಗೋಡೆಯ ಒಂದು ಫೋಟೊ. ಇಲ್ಲದಿದ್ದರೆ ಊರಿಗೆ ಬಂದ ಮೇಲೆ ಯಾವ ಸಿಂಹ ಎಲ್ಲಿಯದು ಅಂತ ತಿಳಿಯುವುದೇ ಇಲ್ಲ.

ಬೈನಾಕ್ಯುಲರ್ ಇದ್ದದ್ದಕ್ಕೇ ಸಿಎಸ್‌ಎಂಟಿಯಲ್ಲಿ ಮಳೆನೀರು ಉಗುಳುವ ಪ್ರಾಣಿಮುಖಗಳು ಸಿಕ್ಕಿದ್ದು. ನಮ್ಮ ದೇವಸ್ಥಾನದ ಗೋಮುಖದ್ದೇ ಕೆಲಸ, ಮುಖ ಮಾತ್ರ ಸಿಟ್ಟಿನದು. ಈ ಸ್ಟೇಷನ್ನಿನ ವಿನ್ಯಾಸ ಬ್ರಿಟಿಷ್ ವಾಸ್ತುಶಿಲ್ಪಿ ಎಫ್.ಡಬ್ಲ್ಯು. ಸ್ಟೀವನ್ಸ್‌ದು, ಕೆಲಸ ಶುರುವಾದದ್ದು 1878ರಲ್ಲಿ. ಆದರೆ ಅಲಂಕಾರದಲ್ಲಿ ಮುಂಬೈನದೇ ಜೆ.ಜೆ. ಸ್ಕೂಲ್ ಆಫ್ ಆರ್ಟ್ ವಿದ್ಯಾರ್ಥಿಗಳ ಕೈಯಿದೆ. ನವಿಲು ಅಷ್ಟು ನಮ್ಮದಾಗಿ ಕಾಣುವುದು ಅದಕ್ಕೇ ಇರಬೇಕು.

ಮೂರನೇ ಸಲದ ಫೋಟೊ ಅತ್ತಿಗೆಗೆ ತೋರಿಸಿದೆ. ಸುಮಾರು ಹೊತ್ತು ನೋಡಿದರು.

"ಪಕ್ಕದಲ್ಲಿರೋ ಪಾರಿವಾಳ ಕಲ್ಲಿಂದಾ, ನಿಜದ್ದಾ?"

ನಾನು ಅದನ್ನು ನೋಡಿಯೇ ಇರಲಿಲ್ಲ. ದೊಡ್ಡದು ಮಾಡಿ ನೋಡಿದೆವು. ನಿಜದ್ದೇ.