ಹಳಸುವ ಪುಸ್ತಕಗಳ ಕಪಾಟು

ಆ ಹುಡುಗಿ ಲ್ಯಾಪ್‌ಟಾಪ್ ತೆರೆದುಕೊಂಡೇ ಅಂಗಡಿಯೊಳಗೆ ಬಂದಳು. ಎರಡು ದಿನದ ಹಿಂದೆ ನನ್ನ ಹತ್ತಿರವೇ ತೆಗೆದುಕೊಂಡು ಹೋಗಿದ್ದ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ಪುಸ್ತಕ ಇನ್ನೊಂದು ಕೈಯಲ್ಲಿತ್ತು. ‘ಸರ್, ಮೊದಲನೇ ಉದಾಹರಣೆಯೇ ಓಡ್ತಿಲ್ಲ’ ಅಂದಳು. ಪುಸ್ತಕದಲ್ಲಿ ಇದ್ದದ್ದನ್ನು ಒಂದು ಚುಕ್ಕಿಯೂ ಬಿಡದೆ ಟೈಪ್ ಮಾಡಿದ್ದಳು. ಬ್ರ್ಯಾಕೆಟ್ ಇಲ್ಲ ಅಂತ ಕಂಪ್ಯೂಟರ್ ಹೇಳುತ್ತಲೇ ಇತ್ತು. ಆದರೆ ಪುಸ್ತಕದಲ್ಲೂ ಬ್ರ್ಯಾಕೆಟ್ ಇಲ್ವಲ್ಲ ಅನ್ನುವುದು ಅವಳ ಗೊಂದಲ. ಹೊಸದಾಗಿ ಕಲಿಯುವವರು ಕಂಪ್ಯೂಟರಿಗಿಂತ ಪುಸ್ತಕವನ್ನೇ ಜಾಸ್ತಿ ನಂಬುತ್ತಾರೆ.

ಪಕ್ಕದ ಕಪಾಟಿನ ಹತ್ತಿರ ನಿಂತಿದ್ದ ಒಬ್ಬರು ಬಗ್ಗಿ ನೋಡಿ, ‘ಪ್ರಿಂಟ್ ಅನ್ನೋ ಪದದ ಮುಂದೆ ಬ್ರ್ಯಾಕೆಟ್ ಹಾಕಮ್ಮ. ಇದು ಪೈಥಾನ್ ಎರಡರ ಪುಸ್ತಕ’ ಅಂದರು. ಹಾಕಿದಳು, ಓಡಿತು. ಪುಸ್ತಕ ವಾಪಸ್ ತೆಗೆದುಕೊಂಡು ದುಡ್ಡು ಕೊಟ್ಟೆ. ಅದರದೇ ಇನ್ನೂ ಎಂಟು ಪ್ರತಿ ಕಪಾಟಿನಲ್ಲಿದ್ದವು. ಇದೂ ಸೇರಿ ಒಂಬತ್ತು.

ಆ ಬ್ರ್ಯಾಕೆಟ್ ಕೇಳುವ ಪೈಥಾನ್ 3 ಬಂದಿದ್ದು 2008ರ ಡಿಸೆಂಬರಿನಲ್ಲಿ. ಪೈಥಾನ್ 2ಕ್ಕೆ ಇದ್ದ ಬೆಂಬಲ 2020ರ ಜನವರಿ 1ಕ್ಕೆ ನಿಂತುಹೋಗಿತ್ತು. ನಾನು ಆ ಪುಸ್ತಕ ತರಿಸಿದ್ದು ಅದಾದ ಎಷ್ಟೋ ತಿಂಗಳ ಮೇಲೆ. ರಟ್ಟು ಹೊಸದು, ಬಣ್ಣ ಚೆನ್ನಾಗಿತ್ತು, ವಿತರಕರ ಪಟ್ಟಿಯಲ್ಲಿ ‘ಹೊಸತು’ ಅಂತ ಇತ್ತು. ಅಷ್ಟೇ ನೋಡಿ ಹತ್ತು ಹೇಳಿಬಿಟ್ಟಿದ್ದೆ. ಅದೂ ವಾಪಸ್ ಕಳಿಸಲಾಗದ ಷರತ್ತಿನ ಮೇಲೆ. ಕಾದಂಬರಿಯಾದರೆ ಮಾರಾಟವಾಗದಿದ್ದರೆ ವಾಪಸ್ ಹೋಗುತ್ತೆ. ನನಗೆ ಬರುವ ತಾಂತ್ರಿಕ ಪುಸ್ತಕಗಳಲ್ಲಿ ಜಾಸ್ತಿ ಪಾಲು ಹಾಗಲ್ಲ. ಕಮಿಷನ್ನೂ ಕಡಿಮೆ, ರಿಟರ್ನೂ ಇಲ್ಲ.

ನಾನು ಓದಿದ್ದು ಸಾಹಿತ್ಯ. ಅಂಗಡಿಯ ವಿಜ್ಞಾನ ಮತ್ತು ತಂತ್ರಜ್ಞಾನದ ಮೂಲೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಾಗ ನನಗೆ ಅದರಲ್ಲಿ ಏನೂ ಗೊತ್ತಿರಲಿಲ್ಲ. ಈಗಲೂ ಒಳಗಿನ ಸಮೀಕರಣ ಅರ್ಥವಾಗುವುದಿಲ್ಲ. ಆದರೆ ಒಂದು ಪುಸ್ತಕ ಎಷ್ಟು ಬೇಗ ಹಳಸುತ್ತೆ ಅನ್ನುವುದು, ಅದನ್ನು ಓದದೆಯೂ ಸುಮಾರಾಗಿ ಗೊತ್ತಾಗುತ್ತೆ. ಅದನ್ನು ಕಲಿತಿದ್ದು ಗಿರಾಕಿಗಳ ಕೈ ನೋಡಿ.

ಕಾದಂಬರಿ ಕೊಳ್ಳುವವರು ಮುಖಪುಟ ನೋಡುತ್ತಾರೆ, ತಿರುಗಿಸಿ ಹಿಂದಿನ ಮಾತು ಓದುತ್ತಾರೆ, ಮೊದಲ ಪುಟ ತೆರೆಯುತ್ತಾರೆ. ಬ್ರ್ಯಾಕೆಟ್ ಹೇಳಿಕೊಟ್ಟರಲ್ಲ, ಅವರು ಹಾಗಲ್ಲ. ಪುಸ್ತಕ ಕೈಗೆ ತೆಗೆದುಕೊಂಡು ಮೊದಲು ಕಾಪಿರೈಟ್ ಪುಟ ನೋಡುತ್ತಿದ್ದರು. ಆಮೇಲೆ ಸೀದಾ ಕೊನೆಗೆ, ಪದಸೂಚಿಗೆ. ತಮಗೆ ಚೆನ್ನಾಗಿ ಗೊತ್ತಿರುವ ಒಂದು ಪದ ಹುಡುಕಿ, ಆ ಪುಟಕ್ಕೆ ಹೋಗಿ, ಅರ್ಧ ನಿಮಿಷ ಓದಿ, ಇಡುತ್ತಿದ್ದರು ಅಥವಾ ಗಲ್ಲಾದ ಹತ್ತಿರ ತರುತ್ತಿದ್ದರು. ‘ಗೊತ್ತಿರೋದನ್ನ ಸರಿಯಾಗಿ ಹೇಳಿದ್ರೆ, ಗೊತ್ತಿಲ್ಲದ್ದನ್ನೂ ಸರಿಯಾಗಿ ಹೇಳಿರ್ತಾರೆ’ ಅನ್ನುವುದು ಅವರ ಲೆಕ್ಕ. ನನಗೆ ಇಷ್ಟವಾಯಿತು. ಪದಸೂಚಿಯೇ ಇಲ್ಲದ ದಪ್ಪ ತಾಂತ್ರಿಕ ಪುಸ್ತಕವನ್ನು ಈಗ ನಾನು ತರಿಸುವುದಿಲ್ಲ. ಯಾರಾದರೂ ಕೇಳಿದರೆ ಅವರಿಗೊಂದು ತರಿಸಿಕೊಡುತ್ತೇನೆ, ಕಪಾಟಿಗೆ ಬೇಡ.

ಕಾಪಿರೈಟ್ ಪುಟ ಓದುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆವೃತ್ತಿ ಬೇರೆ, ಮುದ್ರಣ ಬೇರೆ: ಬರಹವನ್ನೇ ಪರಿಷ್ಕರಿಸಿ ತಂದರೆ ಹೊಸ ಆವೃತ್ತಿ, ಇದ್ದದ್ದನ್ನೇ ಮತ್ತೆ ಅಚ್ಚು ಹಾಕಿದರೆ ಹೊಸ ಮುದ್ರಣ. ಇದು ಗೊತ್ತಿಲ್ಲದೆ ನಾನು ವರ್ಷಗಟ್ಟಲೆ ವ್ಯಾಪಾರ ಮಾಡಿದ್ದೇನೆ. ಅನೇಕ ಪ್ರಕಾಶಕರು ಆ ಪುಟದ ಕೆಳಗೆ ‘10 9 8 7 6 5 4 3 2 1’ ಅಂತ ಒಂದು ಅಂಕಿಗಳ ಸಾಲು ಹಾಕುತ್ತಾರೆ. ಪ್ರತಿ ಸಲ ಮರುಮುದ್ರಣವಾದಾಗ ಅತಿ ಚಿಕ್ಕ ಅಂಕಿ ಹೋಗುತ್ತೆ. ಉಳಿದವುಗಳಲ್ಲಿ ಚಿಕ್ಕದು 4 ಆದರೆ, ನಿಮ್ಮ ಕೈಯಲ್ಲಿರುವುದು ನಾಲ್ಕನೇ ಮುದ್ರಣ. ತಾಂತ್ರಿಕ ಪುಸ್ತಕದಲ್ಲಿ ಇದು ಬರೀ ಸಂಗ್ರಹಕಾರರ ಹುಚ್ಚಲ್ಲ. ಓದುಗರು ಹಿಡಿದ ತಪ್ಪುಗಳನ್ನು ಆವೃತ್ತಿ ಬದಲಿಸದೆ, ಮುಂದಿನ ಮುದ್ರಣದಲ್ಲೇ ಸದ್ದಿಲ್ಲದೆ ತಿದ್ದುವುದುಂಟು. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿದವರಿಗೆ 2008ರ ತನಕ 2.56 ಡಾಲರಿನ ನಿಜವಾದ ಚೆಕ್ ಕೊಡುತ್ತಿದ್ದರು. 256 ಸೆಂಟ್ ಯಾಕೆ ಅಂದರೆ, ಕಂಪ್ಯೂಟರಿನವರು ಹತ್ತರ ಬದಲು ಹದಿನಾರರ ಗುಂಪಿನಲ್ಲಿ ಎಣಿಸುವ ಲೆಕ್ಕದಲ್ಲಿ ಅದನ್ನು ಬರೆಯುವುದು ಸರಿಯಾಗಿ 100 ಅಂತ. ಆ ಚೆಕ್ಕನ್ನು ಬ್ಯಾಂಕಿಗೆ ಹಾಕದೆ ಗೋಡೆಗೆ ತೂಗುಹಾಕಿಕೊಂಡವರೂ ಇದ್ದಾರೆ. ಮೊದಲ ಮುದ್ರಣ ಅಂದರೆ ಕಾದಂಬರಿಯವರಿಗೆ ಖುಷಿ. ತಾಂತ್ರಿಕ ಪುಸ್ತಕ ಕೊಳ್ಳುವವರು ಅದನ್ನು ನೋಡಿ ‘ಇನ್ನೊಂದು ಸಲ ಅಚ್ಚಾಗಲಿ’ ಅಂತ ಕಾಯುತ್ತಾರೆ.

ಇನ್ನು ವಿಜ್ಞಾನ. ಇಲ್ಲಿ ನನ್ನದೇ ಕೆಲವು ಹತ್ತು ಸೆಕೆಂಡಿನ ಪರೀಕ್ಷೆಗಳಿವೆ. ಖಗೋಳದ ಪುಸ್ತಕದಲ್ಲಿ ಗ್ರಹ ಎಣಿಸುತ್ತೇನೆ. ಪ್ಲೂಟೋವನ್ನು ಗ್ರಹಗಳ ಸಾಲಿನಿಂದ ತೆಗೆದಿದ್ದು 2006ರ ಆಗಸ್ಟಿನಲ್ಲಿ. ಒಂಬತ್ತು ಇದ್ದರೆ ಅದು ಅದಕ್ಕೂ ಹಿಂದಿನದು, ರಟ್ಟಿನ ಮೇಲೆ ಯಾವ ವರ್ಷವೇ ಇರಲಿ. ರಸಾಯನಶಾಸ್ತ್ರವಾದರೆ ಆವರ್ತ ಕೋಷ್ಟಕದ 118ನೇ ಮನೆ ನೋಡುತ್ತೇನೆ. ಅಲ್ಲಿ ಓಗಾನೆಸಾನ್ ಇರಬೇಕು. ಆ ಹೆಸರು ಖಾಯಂ ಆಗಿದ್ದು 2016ರ ನವೆಂಬರಿನಲ್ಲಿ, ನಿಹೋನಿಯಂ, ಮಾಸ್ಕೋವಿಯಂ, ಟೆನಸೀನ್ ಜೊತೆಗೆ. ಅದಕ್ಕೆ ಮುಂಚೆ ಅಲ್ಲಿದ್ದದ್ದು ‘ಉನುನಾಕ್ಟಿಯಂ’ ಅನ್ನುವ ನಾಲಿಗೆ ಹೊರಳದ ತಾತ್ಕಾಲಿಕ ಹೆಸರು.

ಭೌತಶಾಸ್ತ್ರಕ್ಕೆ ಕಿಲೋಗ್ರಾಂ. ಪ್ಯಾರಿಸ್ ಹತ್ತಿರ ಇಟ್ಟಿರುವ ಪ್ಲಾಟಿನಂ-ಇರಿಡಿಯಂ ತುಂಡೇ ಕಿಲೋಗ್ರಾಂ ಅಂತ ಬರೆದಿದ್ದರೆ ಅದು 2019ರ ಮೇ 20ಕ್ಕಿಂತ ಹಿಂದಿನ ಮಾತು. ಈಗ ಅದರ ವ್ಯಾಖ್ಯೆ ಪ್ಲಾಂಕ್ ಸ್ಥಿರಾಂಕ ಅನ್ನುವ, ಪ್ರಕೃತಿಯ ಬದಲಾಗದ ಒಂದು ಸಂಖ್ಯೆಯ ಮೇಲೆ ನಿಂತಿದೆ. ಆದರೆ ಈ ಪರೀಕ್ಷೆಯಲ್ಲಿ ಫೇಲಾದ ಮೆಕ್ಯಾನಿಕ್ಸ್ ಪುಸ್ತಕವನ್ನು ನಾನು ಖುಷಿಯಿಂದ ಇಟ್ಟುಕೊಂಡಿದ್ದೇನೆ. ಮೇಲಿಂದ ಬಿಟ್ಟ ಕಲ್ಲು ಆಗ ಬೀಳುತ್ತಿದ್ದ ಹಾಗೇ ಈಗಲೂ ಬೀಳುತ್ತೆ. ಒಂದು ಪ್ಯಾರಾ ಹಳಸಿದ್ದಕ್ಕೆ ಆರುನೂರು ಪುಟ ಎಸೆಯೋಕಾಗುತ್ತಾ? ಪರೀಕ್ಷೆ ಹೇಳುವುದು ವಯಸ್ಸನ್ನು. ಆ ವಿಷಯಕ್ಕೆ ವಯಸ್ಸು ಮುಖ್ಯವಾ ಅಂತ ಬೇರೆ ಯೋಚಿಸಬೇಕು.

ಡಾರ್ವಿನ್ನರ ವಿಷಯದಲ್ಲಿ ಇದು ಪೂರ್ತಿ ತಲೆಕೆಳಗು. ಜೀವಪ್ರಭೇದಗಳ ಹುಟ್ಟಿನ ಬಗ್ಗೆ ಅವರು 1859ರಲ್ಲಿ ಹೊರತಂದ ಪುಸ್ತಕ ಅವರು ಬದುಕಿದ್ದಾಗಲೇ ಆರು ಆವೃತ್ತಿ ಕಂಡಿತು. ‘ವಿಕಾಸ’ ಅನ್ನುವ ಪದ ಬಂದದ್ದು 1872ರ ಆರನೆಯದರಲ್ಲಿ. ‘ಕೊನೆಯ ಆವೃತ್ತಿ ಕೊಡಿ’ ಅಂತ ಕೇಳಿದವರಿಗೆ ನಾನು ಮೊದಲನೆಯದು, ಆರನೆಯದು ಎರಡನ್ನೂ ತೋರಿಸುತ್ತೇನೆ. ಆರನೆಯದರಲ್ಲಿ ಟೀಕಾಕಾರರಿಗೆ ಕೊಟ್ಟ ಉತ್ತರಗಳೇ ಜಾಸ್ತಿ, ಮೊದಲನೆಯದರ ಓಟ ಅದಕ್ಕಿಲ್ಲ. ವಿಷಯ ಗೊತ್ತಿರುವವರು ಎಷ್ಟೋ ಸಲ ಮೊದಲನೆಯದನ್ನೇ ತೆಗೆದುಕೊಳ್ಳುತ್ತಾರೆ.

ಐಎಸ್‌ಬಿಎನ್‌ನಿಂದ, ಅಂದರೆ ಪುಸ್ತಕದ ಗುರುತಿನ ನಂಬರಿನಿಂದ, ತಿಂದ ಪೆಟ್ಟನ್ನು ಹೇಳದೆ ಮುಂದೆ ಹೋಗಲಾರೆ. ಒಂದು ಸಲ ಸಂಖ್ಯಾಶಾಸ್ತ್ರದ ಪುಸ್ತಕ ಬೇಕಿತ್ತು. ಹದಿಮೂರು ಅಂಕಿ ಟೈಪ್ ಮಾಡುವಾಗ ಅಕ್ಕಪಕ್ಕದ 6 ಮತ್ತು 1 ಅದಲುಬದಲಾಯಿತು. ತಪ್ಪಾದರೆ ಕಂಪ್ಯೂಟರೇ ತಡೆಯುತ್ತೆ ಅಂತ ನಂಬಿದ್ದೆ. ತಡೆಯಲಿಲ್ಲ. ಬಂದದ್ದು ಅದೇ ಪ್ರಕಾಶಕರ ಮಣ್ಣಿನ ರಸಾಯನಶಾಸ್ತ್ರ. ಕಾದು ಕೂತಿದ್ದ ಗಿರಾಕಿ ಗಣಿತದ ಮೇಷ್ಟ್ರು. ಬೈಯುವ ಬದಲು ಬಿಲ್ಲಿನ ಹಿಂದೆ ಲೆಕ್ಕ ಬರೆದು ತೋರಿಸಿದರು. ಎಡದಿಂದ ಒಂದೊಂದು ಅಂಕಿಯನ್ನೂ ಒಂದು, ಮೂರು, ಒಂದು, ಮೂರು ಅಂತ ಗುಣಿಸಿ ಕೂಡಿದರೆ ಮೊತ್ತ ಹತ್ತರಿಂದ ಭಾಗವಾಗಬೇಕು. 6 ಒಂದಲಿ 6, 1 ಮೂರಲಿ 3, ಸೇರಿ 9. ತಿರುಗಿಸಿದರೆ 1 ಮತ್ತು 18, ಸೇರಿ 19. ವ್ಯತ್ಯಾಸ ಸರಿಯಾಗಿ ಹತ್ತು, ಹಾಗಾಗಿ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಪಕ್ಕಪಕ್ಕದ ಅಂಕಿಗಳ ನಡುವೆ ಐದರ ಅಂತರ ಇದ್ದಾಗಲೆಲ್ಲ ಹೀಗೆ. 2006ರ ತನಕ ಇದ್ದ ಹತ್ತು ಅಂಕಿಯ ಹಳೇ ಪದ್ಧತಿಯಲ್ಲಿ ಹನ್ನೊಂದರಿಂದ ಭಾಗಿಸುತ್ತಿದ್ದರು, ಅದು ಇಂಥದ್ದನ್ನು ಹಿಡಿಯುತ್ತಿತ್ತಂತೆ. ಆ ಬಿಲ್ಲು ಗಲ್ಲಾದ ಪಕ್ಕ ಅಂಟಿಸಿದ್ದೇನೆ. ಈಗ ಆರ್ಡರ್ ಹಾಕುವಾಗ ನಂಬರ್ ಜೊತೆ ಹೆಸರನ್ನೂ ಓದುತ್ತೇನೆ.

ಜೋಡಿಸುವ ವಿಷಯಕ್ಕೆ ಬಂದರೆ, ನಾನು ಮಾಡಿದ ಒಂದೇ ಬದಲಾವಣೆ ದೊಡ್ಡ ಫಲ ಕೊಟ್ಟಿತು. ಲೀನಿಯರ್ ಆಲ್ಜೀಬ್ರಾದ ಒಂದು ಒಳ್ಳೆಯ ಪುಸ್ತಕ ಗಣಿತದ ಸಾಲಿನಲ್ಲಿ ಬೆನ್ನು ತೋರಿಸಿಕೊಂಡು ಎರಡು ವರ್ಷ ನಿಂತಿತ್ತು. ಕಂಪ್ಯೂಟರಿಗೆ ಉದಾಹರಣೆಗಳಿಂದ ಕಲಿಸುವ ಮೆಷಿನ್ ಲರ್ನಿಂಗ್‌ಗೆ ಈ ಗಣಿತವೇ ತಳಪಾಯ; ಆ ಪುಸ್ತಕಗಳ ನಡುವೆ ತಂದು ಮುಖಪುಟ ಕಾಣುವ ಹಾಗೆ ಇಟ್ಟೆ. ಆ ವಾರವೇ ಹೋಯಿತು. ಅಕ್ಕಪಕ್ಕದ ಪುಸ್ತಕಗಳು ತಮ್ಮ ಮೊದಲ ಅಧ್ಯಾಯದಲ್ಲೇ ಸಿಕ್ಕಿಕೊಂಡವರನ್ನು ಇದರ ಕಡೆಗೆ ಕಳಿಸುತ್ತಿದ್ದವು ಅಂತ ಕಾಣುತ್ತೆ. ಆಮೇಲೆ ಮೂರು ಸಲ ತರಿಸಿದ್ದೇನೆ. ಸುತ್ತಲಿನವು ಮಾತ್ರ ಪ್ರತಿ ವರ್ಷ ಬದಲಾಗುತ್ತಿವೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕೇಳಲೇಬೇಡಿ. ಯಾವ ಬಟನ್ ಒತ್ತಬೇಕು ಅಂತ ಚಿತ್ರ ಸಮೇತ ಹೇಳುವ ಪುಸ್ತಕ, ಅಚ್ಚಾಗಿ ಅಂಗಡಿಗೆ ಬರುವ ಹೊತ್ತಿಗೆ ಆ ಬಟನ್ನೇ ಇರುವುದಿಲ್ಲ.

ಹೆಸರಿನ ಜೊತೆ ವರ್ಷನ್ ನಂಬರ್ ಇದ್ದರೆ ಎರಡು ಪ್ರತಿಗಿಂತ ಜಾಸ್ತಿ ತರಿಸುವುದಿಲ್ಲ. ಖಾಲಿಯಾದರೆ ಮತ್ತೆ ಎರಡು. ಗಲ್ಲಾದ ಮೇಲೆ ಒಂದು ನೋಟ್‌ಬುಕ್ ಇದೆ, ಕೇಳಿ ಸಿಗದೆ ಹೋದ ಪುಸ್ತಕಗಳನ್ನು ಅದರಲ್ಲಿ ಬರೆದಿಡುತ್ತೇನೆ. ಪ್ರಕಾಶಕರ ಪಟ್ಟಿಗಿಂತ ಅದು ನನಗೆ ಜಾಸ್ತಿ ಕೆಲಸಕ್ಕೆ ಬಂದಿದೆ.

ಆ ಒಂಬತ್ತು ಪೈಥಾನ್ ಪುಸ್ತಕಗಳ ಮೇಲೆ ‘ಪೈಥಾನ್ 2 ಮಾತ್ರ, ಹೊಸಬರಿಗಲ್ಲ’ ಅಂತ ಚೀಟಿ ಅಂಟಿಸಿ ಕೆಳಗಿನ ಅರೆಯಲ್ಲಿ ಇಟ್ಟಿದ್ದೆ. ಹೋದ ತಿಂಗಳು ಒಬ್ಬರು ಬಂದು, ತಮ್ಮ ಆಫೀಸಿನಲ್ಲಿ ಯಾರೂ ಮುಟ್ಟಲು ಧೈರ್ಯ ಮಾಡದ ಒಂದು ಹಳೇ ಪ್ರೋಗ್ರಾಂ ಇದೆ, ಅದಕ್ಕೆ ಇದೇ ಬೇಕಿತ್ತು ಅಂತ ಹೇಳಿ ಎರಡು ತೆಗೆದುಕೊಂಡು ಹೋದರು. ಇನ್ನು ಏಳು ಇವೆ.